ಗುರುವಾರದೊಳಗೆ

ಗುರುವಾರದೊಳಗೆ ಹೇಳಿ ಅಂದಿದ್ದಾಳೆ ಮಿಸಸ್ ಟ್ರೇನರ್,
ಇನ್ನೊಂದು ವರ್ಷ ಇರುತ್ತೀರೋ ಇಲ್ಲವೋ.
ಅವಳ ತಂಗಿಯ ಮಗನಿಗೆ ಮದುವೆ, ಮನೆ ಬೇಕಂತೆ.
ಕೆಟ್ಟವಳಲ್ಲ. ಬರುವಾಗ ಆರು ಮೊಟ್ಟೆ ತಂದಿದ್ದಳು,
ಒಂದಕ್ಕೆ ಪುಕ್ಕ ಇನ್ನೂ ಅಂಟಿತ್ತು.

ಇವತ್ತು ಮಂಗಳವಾರ. ಆದರೆ ಮೊನಹನ್‌ನ ಅಣಬೆ ಶೆಡ್ಡಿನಲ್ಲಿ
ವಾರಗಳಿಗೆ ಹೆಸರಿಲ್ಲ:
ಮೊದಲ ಬೆಳೆ, ಎರಡನೆಯ ಬೆಳೆ, ಸಣಕಲು ಮೂರನೆಯದು,
ಆಮೇಲೆ ಹಬೆ ಹಾಯಿಸಿ ಎಲ್ಲ ಸಾಯಿಸಿ
ಹೊಸ ಗೊಬ್ಬರ.
ಹನ್ನೊಂದು ವರ್ಷ ಕಿತ್ತಿದ್ದೇನೆ. ಎಳೆಯಬಾರದು, ತಿರುಚಬೇಕು,
ಹೆಬ್ಬೆರಳು ಊರಿದರೆ ಸಂಜೆಗೆ ಅಲ್ಲೊಂದು ಕಂದು ಕಲೆ,
ಅಂಗಡಿಯವರು ಬುಟ್ಟಿಯನ್ನೇ ವಾಪಸ್ ಕಳಿಸುತ್ತಾರೆ.
ಒಂದು ದಿನ ಬಿಟ್ಟು ನೋಡಿದರೆ ಇಮ್ಮಡಿ ಆಗಿರುತ್ತವೆ.
ಲೀವಾನೂ ಹಾಗೆಯೇ,
ನಾನು ಶಿಫ್ಟಿನಲ್ಲಿದ್ದಾಗ ಬೆಳೆದುಬಿಟ್ಟಳು.

ಬರುವಾಗ ಅವಳಿಗೆ ಮೂರು.
ಎರಡೇ ವರ್ಷ, ಸೂರಿಗೆ ತಗಡು ಹೊದಿಸುವಷ್ಟು, ಅಂದಿದ್ದ ಇಂತ್ಸ್.
ತಗಡಾಯಿತು. ಕಿಟಕಿಯಾಯಿತು. ಬಾವಿಗೆ ಪಂಪು.
ಪ್ರತಿ ಬೇಸಿಗೆ ಲಾಟ್ವಿಯಾಕ್ಕೆ ಹೋಗಿ ಒಂದೊಂದು ಮುಗಿಸಿ ಬಂದೆವು.
ಮನೆ ಮುಗಿಯುತ್ತ ಬಂದ ಹಾಗೆಲ್ಲ ನಾವು...
ಬೇಡ, ಇದನ್ನು ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ.

ಕರೆಂಟು ಬಿಲ್ಲಿನ ಹಿಂದೆ ಗೆರೆ ಎಳೆದು ಬರೆದಿದ್ದಾನೆ.
ಎಡಕ್ಕೆ: ಅಣ್ಣನ ಮರ ಕೊಯ್ಯುವ ಮಿಲ್ಲು, ಪಾಲು ಕೊಡುತ್ತಾನಂತೆ.
ಸರೋವರ. ನನ್ನ ಬೆನ್ನು.
ಬಲಕ್ಕೆ: ಲೀವಾ. ಎಮೀಲ್ಸ್‌ಗೆ ಮಾತು ಕಲಿಸುವ ಟೀಚರು. ಸಂಬಳ.
ಕೆಳಗೆ, ಗೆರೆಯ ಮೇಲೇ, 'ಕಾರು' ಎಂದು ಬರೆದು ಹೊಡೆದುಹಾಕಿದ್ದಾನೆ.
ಸ್ಟಿಯರಿಂಗು ಬಲಕ್ಕಿರುವ ಕಾರು
ಅಲ್ಲಿ ಯಾರಿಗೆ ಬೇಕು?

ನನ್ನ ಅಜ್ಜಿ ಅಣಬೆಯ ಜಾಗ ಯಾರಿಗೂ ಹೇಳುತ್ತಿರಲಿಲ್ಲ,
ಸ್ವಂತ ತಂಗಿಗೂ. ಸಾಯುವ ಹಿಂದಿನ ಆಗಸ್ಟಿನಲ್ಲಿ
ನನ್ನ ಕೈಹಿಡಿದು ತೋರಿಸಿದಳು: ಮೂರು ಬರ್ಚ್ ಮರ,
ಯುದ್ಧದ ಕಾಲದ ಕಂದಕ, ಅದರ ಅಂಚಿಗೆ
ಯಾರೋ ಅರಿಸಿನ ಚೆಲ್ಲಿದ ಹಾಗೆ.
ಹೋದ ವರ್ಷ ಲೀವಾಳನ್ನು ಬೆಳಗಿನ ಐದಕ್ಕೇ ಎಬ್ಬಿಸಿ ಕರೆದೊಯ್ದೆ.
"ಅಮ್ಮ, ರಜೆಯಲ್ಲೂ ಅಣಬೆಯಾ?" ಅಂದಳು.
ಇಬ್ಬರೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು,
ಸೊಳ್ಳೆಗಳ ನಡುವೆ.
ಬರ್ಚ್ ಮರಗಳು ಸಿಗಲಿಲ್ಲ. ಕಡಿದಿರಬೇಕು.
ಅಥವಾ ನಾನೇ ದಾರಿ ತಪ್ಪಿದೆ. ಇಂತ್ಸ್‌ಗೆ ಹೇಳಿಲ್ಲ.

ನಾದಿನಿ ಫೋನಿನಲ್ಲಿ ಕೇಳುತ್ತಾಳೆ, ಯಾವಾಗ ಬರ್ತೀರಿ?
ಲೀವಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಯಾವಾಗ ಹೋಗ್ತೀವಿ?
ಇಬ್ಬರೂ ಕೇಳುವುದು ಒಂದೇ ದಾರಿ, ಒಂದೇ ವಿಮಾನ.
ನನ್ನ ಬಾಯಲ್ಲಿ ಯಾವ ಮಾತು ಬರುತ್ತದೋ ನೋಡೋಣ ಎಂದು
ನಾನೇ ಕಾದಿದ್ದೇನೆ ಕೆಲವು ಸಲ.
ಬರುವುದು "ನೋಡೋಣ" ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಇಂತ್ಸ್ ಕಾಗದ ಹರವಿದ.
ಲೀವಾ ಓದಿದಳು, ತನ್ನ ಹೆಸರನ್ನೂ ಓದಿದಳು,
ಫುಟ್‌ಬಾಲ್ ಬೂಟಿನ ಕೆಸರು ಚಾಕುವಿನಿಂದ ಕೆರೆಯುತ್ತ
ತಲೆಯೆತ್ತದೆ ಅಂದಳು, ಈ ಊರಿನ ರಾಗದಲ್ಲಿ:
"ಕೇಳದೆ ತಂದಿರಿ. ಕೇಳದೆ ಒಯ್ಯಿರಿ.
ಬರ್ತೀನಿ. ಆದರೆ ಈ ಕಾಗದದಲ್ಲಿ ನನ್ನನ್ನು
ಸಂಬಳದ ಪಕ್ಕ ಬರೀಬೇಡಿ."
ಎಮೀಲ್ಸ್ ಅಷ್ಟರಲ್ಲಿ ಹಾಲು ಚೆಲ್ಲಿದ.
ಒರೆಸುವ ನೆಪದಲ್ಲಿ ಎಲ್ಲರೂ ಎದ್ದೆವು.

ಈಗ ನಾಲ್ಕು ಗಂಟೆ, ಬುಧವಾರ.
ಡಬ್ಬಿಗೆಂದು ಎರಡು ಮೊಟ್ಟೆ ಬೇಯಲು ಇಟ್ಟಿದ್ದೇನೆ.
ಪುಕ್ಕ ನೀರಿನಲ್ಲಿ ಬಿಟ್ಟುಕೊಂಡು ತೇಲುತ್ತಿದೆ.
ಬಿಲ್ಲನ್ನು ಮುಂಬದಿಗೆ ತಿರುಗಿಸಿ ನೋಡಿದೆ:
ಕಟ್ಟಲು ಕೊನೆಯ ದಿನವೂ ನಾಳೆಯೇ.
ಹಾಲಿನ ಕಲೆ ಒಣಗಿದೆ, ಅಕ್ಷರ ಕೆಟ್ಟಿಲ್ಲ.
ಹೊರಗೆ ವ್ಯಾನು ಹಾರ್ನ್ ಹೊಡೆಯಿತು.
ಮಡಚಿ, ಹೋಗುವುದನ್ನೂ ಇರುವುದನ್ನೂ ಒಟ್ಟಿಗೆ
ಕೋಟಿನ ಜೇಬಿಗೆ ಹಾಕಿಕೊಂಡು
ಒಲೆ ಆರಿಸಿದೆ.